ಎಲ್ಲಿಯೂ ನಿಲ್ಲದವನ ತೆರಿಗೆ ಲೆಕ್ಕ

ಪಾಸ್‌ಪೋರ್ಟು ಒಂದು ದೇಶದ್ದು, ವಾಸದ ಪರವಾನಗಿ ಇನ್ನೊಂದರದ್ದು. ಕಂಪನಿ ಮೂರನೆಯ ದೇಶದಲ್ಲಿ, ಉಳಿತಾಯ ನಾಲ್ಕನೆಯದರಲ್ಲಿ, ಸುತ್ತಾಟ ಮತ್ತು ಖರ್ಚು ಐದನೆಯದರಲ್ಲಿ. ಎಲ್ಲೇ ಆಗಲಿ ಆರು ತಿಂಗಳು ತುಂಬುವ ಮೊದಲೇ ಗಂಟುಮೂಟೆ ಕಟ್ಟಿಬಿಟ್ಟರೆ ತೆರಿಗೆ ಕೇಳಲು ಯಾವ ಸರ್ಕಾರಕ್ಕೂ ಹಕ್ಕಿರುವುದಿಲ್ಲ. ‘ಪರ್ಪೆಚುಯಲ್ ಟ್ರಾವೆಲರ್’ ಎಂದು ಕರೆಸಿಕೊಳ್ಳುವ ಜೀವನಕ್ರಮದ ಸಾರ ಇದು. ಅಮೆರಿಕದ ಹೂಡಿಕೆ ಸಲಹೆಗಾರ ಹ್ಯಾರಿ ಶುಲ್ಟ್ಸ್ ಇದನ್ನು ಮೂರು ಬಾವುಟಗಳ ಸೂತ್ರವಾಗಿ ಹೇಳಿದ್ದ. ಡಬ್ಲ್ಯು. ಜಿ. ಹಿಲ್ ಎಂಬ ಗುಪ್ತನಾಮದ ಲೇಖಕ ಬಾವುಟಗಳನ್ನು ಐದಕ್ಕೇರಿಸಿದ. ಆಗ ಸಿರಿವಂತರ ಪಾಲಿಗಷ್ಟೇ ಇದ್ದ ಈ ಮಾತು ಕೋವಿಡ್ ನಂತರ, ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ದುಡಿಯಬಹುದು ಎಂದಾದ ಮೇಲೆ, ಕೋಲಾರ ಜಿಲ್ಲೆಯ ಹುಡುಗ ಹುಡುಗಿಯರ ಕಿವಿಗೂ ಬಿದ್ದಿದೆ.

ಈ ಸೂತ್ರವನ್ನು ತೂಗಿ ನೋಡಲು ಅದೇ ಜಿಲ್ಲೆಯ ಚಿನ್ನದ ಗಣಿಯ ಊರು ಕೆಜಿಎಫ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಈ ಊರನ್ನು ಕಟ್ಟಿದ ದುಡ್ಡೇ ಊರಿಲ್ಲದ ದುಡ್ಡು. ಐರಿಷ್ ಮೂಲದ ಸೈನಿಕ ಮೈಕೆಲ್ ಲ್ಯಾವೆಲ್ ನ್ಯೂಜಿಲೆಂಡಿನ ಯುದ್ಧ ಮುಗಿಸಿಕೊಂಡು ಬೆಂಗಳೂರಿಗೆ ಬಂದವನು. 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ, ಬಂಡವಾಳ ಹೊಂದಿಸಲಾಗದೆ ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಜಾನ್ ಟೇಲರ್ ಅಂಡ್ ಸನ್ಸ್ ಅದರ ಉಸ್ತುವಾರಿ ಹೊತ್ತಿತು. ಚಿನ್ನ ಮೈಸೂರಿನದು, ಕೂಲಿಗಳು ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನವರು, 1902ರಿಂದ ವಿದ್ಯುತ್ತು ಶಿವನಸಮುದ್ರದ್ದು, ನಿರ್ದೇಶಕರ ಮೇಜು ಲಂಡನ್ನಿನಲ್ಲಿ. ಬಾವುಟಗಳ ಸೂತ್ರವನ್ನು ಯಾರೂ ಬರೆಯುವ ಮೊದಲೇ ಇಲ್ಲಿ ಕಂಪನಿಗಳು ಹಾಗೆ ಬದುಕಿದ್ದವು.

ಹಾಗೆ ಬದುಕಿದ ಕಂಪನಿಗಳಿಗೆ ತೆರಿಗೆ ತಪ್ಪಿತೇ? ಇಲ್ಲ. 1876ರಲ್ಲಿಯೇ ಕಲ್ಕತ್ತಾ ಜೂಟ್ ಮಿಲ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಒಂದು ಮಾತು ಇತ್ಯರ್ಥ ಮಾಡಿತ್ತು: ಗಿರಣಿ ಬಂಗಾಳದಲ್ಲಿದ್ದರೇನು, ಆಡಳಿತ ಲಂಡನ್ನಿನಲ್ಲಿದ್ದರೆ ಕಂಪನಿ ಲಂಡನ್ನಿನದೇ, ಪೂರ್ತಿ ಲಾಭಕ್ಕೂ ಅಲ್ಲಿಯೇ ತೆರಿಗೆ. 1906ರ ಡಿ ಬೀರ್ಸ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ನೋಂದಣಿಯಾಗಿ ಅಲ್ಲಿಯೇ ವಜ್ರ ತೆಗೆಯುತ್ತಿದ್ದ ಕಂಪನಿಯೂ ಲಂಡನ್ ನಿವಾಸಿ ಎಂದಾಯಿತು. ನೂರೈವತ್ತು ವರ್ಷಗಳಿಂದ ತೆರಿಗೆ ಕಾನೂನು ಹುಡುಕುತ್ತಿರುವುದು ತೀರ್ಮಾನ ಎಲ್ಲಿ ಆಗುತ್ತದೆ, ಬೇರು ಎಲ್ಲಿದೆ ಎಂಬುದನ್ನು. ‘ನಾನು ಎಲ್ಲಿಯವನೂ ಅಲ್ಲ’ ಎಂಬ ಉತ್ತರವನ್ನು ಅದು ಎಂದೂ ಪೂರ್ತಿ ಒಪ್ಪಿಲ್ಲ. ತಿರುಗುವ ವ್ಯಕ್ತಿ ಕಂಪನಿಗಿಂತ ಚುರುಕು ಎಂಬ ಭರವಸೆಯ ಮೇಲೆ ಇಡೀ ಸೂತ್ರ ನಿಂತಿದೆ. ಆ ಭರವಸೆ ದುರ್ಬಲ.

ಭಾರತದ ಕಾನೂನನ್ನೇ ನೋಡೋಣ. ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದವರು ನಿವಾಸಿಗಳು. ಹೊರದೇಶದಲ್ಲಿ ನೆಲೆಸಿ ರಜೆಗೆ ಊರಿಗೆ ಬಂದುಹೋಗುವ ಭಾರತೀಯರಿಗೂ ಇದೇ 182 ದಿನಗಳ ಮಿತಿ ಇತ್ತು. ಇಲ್ಲಿನ ಆದಾಯ 15 ಲಕ್ಷ ರೂಪಾಯಿ ದಾಟಿದವರಿಗೆ 2020ರಲ್ಲಿ ಅದನ್ನು 120 ದಿನಕ್ಕೆ ಇಳಿಸಲಾಯಿತು. ಅದೇ ವರ್ಷ ಬಂದ ಇನ್ನೊಂದು ನಿಯಮ ನೇರವಾಗಿ ನಮ್ಮ ಅಲೆಮಾರಿಯನ್ನೇ ಗುರಿಯಿಟ್ಟದ್ದು. ಭಾರತದ ಪ್ರಜೆಯಾಗಿದ್ದು, ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿ, ನೆಲೆ ಅಥವಾ ವಾಸದ ಕಾರಣಕ್ಕೆ ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಇಲ್ಲಿ ಕಾಲಿಡದವರನ್ನೂ ಭಾರತದ ನಿವಾಸಿ ಎಂದೇ ಎಣಿಸಲಾಗುತ್ತದೆ. ಗಲ್ಫ್‌ನಲ್ಲಿ ಪ್ರಾಮಾಣಿಕವಾಗಿ ದುಡಿಯುವವರನ್ನು ಹಿಡಿಯುವ ಉದ್ದೇಶವಿಲ್ಲ ಎಂದು ಸರ್ಕಾರ ಆಗಲೇ ಸ್ಪಷ್ಟಪಡಿಸಿತು. 1961ರ ಕಾಯ್ದೆಯ ಜಾಗಕ್ಕೆ ತಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ (ಜಾರಿ 1 ಏಪ್ರಿಲ್ 2026ರಿಂದ) ಈ ತಿರುಳು ಉಳಿದಿದೆ.

ನ್ಯಾಯವಾಗಿ ಹೇಳಬೇಕೆಂದರೆ ಈ ಬಲೆಯ ಕಣ್ಣು ದೊಡ್ಡದು. ಹೀಗೆ ನಿವಾಸಿಯೆಂದು ಎಣಿಸಲ್ಪಟ್ಟವರ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಭಾರತದಿಂದ ನಡೆಸುವ ವ್ಯಾಪಾರ ಅಥವಾ ಇಲ್ಲಿ ಆರಂಭಿಸಿದ ವೃತ್ತಿಯ ಗಳಿಕೆಗೆ ಮಾತ್ರ ಇದೆ. ಇಲ್ಲಿ 15 ಲಕ್ಷ ಆದಾಯವೇ ಇಲ್ಲದ, ಕೆಜಿಎಫ್‌ನ ಆಂಡರ್ಸನ್‌ಪೇಟೆಯಿಂದ ಹೊರಟ ಹುಡುಗನಿಗೆ ಈ ನಿಯಮ ತಟ್ಟುವುದೇ ಇಲ್ಲ. ಹಾಗಾದರೆ ಅವನು ಗೆದ್ದಂತೆಯೇ?

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಅವನಿಗೆ ಇಲ್ಲಿನ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಡಿಪಾಸಿಟ್‌ನಿಂದ ವರ್ಷಕ್ಕೆ 1 ಲಕ್ಷ ರೂಪಾಯಿ ಬಡ್ಡಿ ಬರುತ್ತದೆ ಎಂದುಕೊಳ್ಳಿ. ಬ್ಯಾಂಕು ಸೆಸ್ ಸೇರಿಸಿ ಶೇ 31.2ರಂತೆ 31,200 ರೂಪಾಯಿ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿಯುತ್ತದೆ. ಅವನು ದುಬೈ ನಿವಾಸಿ ಎಂದು ಅಲ್ಲಿನ ಸರ್ಕಾರದ ಪ್ರಮಾಣಪತ್ರ ತಂದರೆ ಭಾರತ–ಯುಎಇ ಒಪ್ಪಂದದ ಪ್ರಕಾರ ಶೇ 12.5, ಅಂದರೆ 12,500 ರೂಪಾಯಿ. ಆದರೆ ಈ ಒಪ್ಪಂದದಲ್ಲಿ ಯುಎಇ ನಿವಾಸಿ ಎನಿಸಿಕೊಳ್ಳಲು ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಅಲ್ಲಿರಬೇಕು. ನಾಲ್ಕು ತಿಂಗಳು ದುಬೈ, ಮೂರು ತಿಂಗಳು ಬಾಲಿ, ಮೂರು ತಿಂಗಳು ಜಾರ್ಜಿಯಾ ಎಂದು ತಿರುಗಿದವನಿಗೆ ಆ ಪತ್ರ ಸಿಗುವುದಿಲ್ಲ. ಆದಾಯ ಕಡಿಮೆಯಿದ್ದರೆ ರಿಟರ್ನ್ಸ್ ಸಲ್ಲಿಸಿ ಹೆಚ್ಚುವರಿ ಕಡಿತವನ್ನು ವಾಪಸ್ ಪಡೆಯಬಹುದು, ನಿಜ. ಆದರೆ ಎಲ್ಲೂ ನೆಲೆಯಿಲ್ಲದವನಿಗೆ ಯಾವ ಒಪ್ಪಂದದ ನೆರಳೂ ಇಲ್ಲ. ತೆರಿಗೆ ತಪ್ಪಿಸಲು ಹುಟ್ಟಿದ ಸೂತ್ರ ತೆರಿಗೆ ತಗ್ಗಿಸುವ ಕಾಗದವನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಅದರ ಮುಖ್ಯ ದೋಷ ಇದೇ.

ಎರಡನೆಯ ದೋಷ, ಸೂತ್ರ ಹೇಳಿಕೊಡುವವರು ಊರಿನಲ್ಲಿ ಬಿಟ್ಟುಬಂದ ಆಸ್ತಿಯ ಬಗ್ಗೆ ಮಾತನಾಡುವುದೇ ಇಲ್ಲ. ರಾಬರ್ಟ್‌ಸನ್‌ಪೇಟೆಯ ಬ್ಯಾಂಕಿನ ಉಳಿತಾಯ ಖಾತೆಯನ್ನು ಹೊರದೇಶದ ಕೆಲಸಕ್ಕೆ ಹೋದ ಮೇಲೂ ಹಾಗೆಯೇ ಇಟ್ಟುಕೊಳ್ಳುವುದು ವಿದೇಶಿ ವಿನಿಮಯ ಕಾಯ್ದೆ ಫೆಮಾ ಪ್ರಕಾರ ತಪ್ಪು. ಅದು ಎನ್‌ಆರ್‌ಒ ಆಗಬೇಕು. ಹೊರಗಿನ ದುಡಿಮೆಯನ್ನು ಎನ್‌ಆರ್‌ಇ ಖಾತೆಗೆ ತರಬಹುದು. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಆದರೆ ಊರಿಗೆ ಮರಳಿ ನೆಲೆಸಿದ ದಿನ ಆ ಸವಲತ್ತು ಮುಗಿಯಿತು. ಮ್ಯೂಚುವಲ್ ಫಂಡಿನ ಕೆವೈಸಿ ಬದಲಾಗಬೇಕು. ಪಿಪಿಎಫ್ ಹೊಸದಾಗಿ ತೆರೆಯುವಂತಿಲ್ಲ, ಹಳೆಯದನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು.

ಬಂಗಾರಪೇಟೆಯ ಸುತ್ತ ಇನ್ನೂ ದೊಡ್ಡ ಗುಂಡಿ ಇರುವುದು ಜಮೀನಿನಲ್ಲಿ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮಾಲೂರಿನಿಂದ ಬೇತಮಂಗಲದವರೆಗೆ ಹೊಲಗಳ ಮೇಲೆ ಎಲ್ಲರ ಕಣ್ಣು. ಅನಿವಾಸಿ ಭಾರತೀಯರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಪಹಣಿಯಲ್ಲಿ ರಾಗಿ, ಹಿಪ್ಪುನೇರಳೆ ಎಂದಿರುವ ಎಕರೆಯನ್ನು ‘ಸೈಟು’ ಎಂದು ವಾಟ್ಸಾಪ್‌ನಲ್ಲಿ ನಕ್ಷೆ ಕಳಿಸುವವರಿಗೆ ಮುಂಗಡ ಕೊಟ್ಟರೆ ಹೊರದೇಶದಲ್ಲಿ ಉಳಿಸಿದ ತೆರಿಗೆಯೆಲ್ಲ ಒಂದೇ ನೋಂದಣಿಯಲ್ಲಿ ಹೋಗುತ್ತದೆ. ಮಾರುವಾಗಲೂ ಹಾಗೆ. ಮಾರುವವರು ಅನಿವಾಸಿಯಾದರೆ ಕೊಳ್ಳುವವರು ಶೇ 1ರ ಟಿಡಿಎಸ್ ಹಿಡಿದು ಕೈತೊಳೆದುಕೊಳ್ಳುವಂತಿಲ್ಲ, ಬಂಡವಾಳ ಲಾಭದ ದರದಲ್ಲಿ ಹಿಡಿಯಬೇಕು. ಜುಲೈ 2024ಕ್ಕೆ ಮೊದಲು ಕೊಂಡ ಮನೆಗೆ ಹಣದುಬ್ಬರದ ಲೆಕ್ಕ ಸೇರಿಸಿ ತೆರಿಗೆ ಕಟ್ಟುವ ಆಯ್ಕೆ ಇಲ್ಲಿನ ನಿವಾಸಿಗಳಿಗಿದೆ, ಅನಿವಾಸಿಗಳಿಗಿಲ್ಲ.

ಮೂರನೆಯದು ಗುಟ್ಟಿನ ಭ್ರಮೆ. ಶುಲ್ಟ್ಸ್ ಕಾಲದಲ್ಲಿ ಒಂದು ದೇಶದ ಬ್ಯಾಂಕು ಇನ್ನೊಂದರ ತೆರಿಗೆ ಇಲಾಖೆಗೆ ಸುದ್ದಿ ಕೊಡುತ್ತಿರಲಿಲ್ಲ. ಈಗ ಅಮೆರಿಕದ ಫ್ಯಾಟ್ಕಾ ಕಾಯ್ದೆ ಇದೆ, ನೂರಕ್ಕೂ ಹೆಚ್ಚು ದೇಶಗಳು ಖಾತೆ ವಿವರ ಹಂಚಿಕೊಳ್ಳುವ ಸಿಆರ್‌ಎಸ್ ಇದೆ. ಭಾರತ 2017ರಿಂದ ಅದರಲ್ಲಿದೆ. 2015ರ ಕಪ್ಪುಹಣ ಕಾಯ್ದೆಯಡಿ ನಿವಾಸಿಯೊಬ್ಬರು ಹೊರದೇಶದ ಆಸ್ತಿಯನ್ನು ರಿಟರ್ನ್ಸ್‌ನಲ್ಲಿ ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಒಟ್ಟು 20 ಲಕ್ಷ ರೂಪಾಯಿವರೆಗಿನ ಚರಾಸ್ತಿಗೆ ಮಾತ್ರ 2024ರಿಂದ ವಿನಾಯಿತಿ. ತಿರುಗಾಟ ಮುಗಿಸಿ ಊರಿಗೆ ಮರಳಿದವರು ಸಿಕ್ಕಿಬೀಳುವುದು ಇಲ್ಲಿ. ಹೊರಗೆ ಕಾನೂನುಬದ್ಧವಾಗಿ ಗಳಿಸಿದ ಷೇರು, ಖಾತೆಗಳನ್ನು ಇಟ್ಟುಕೊಳ್ಳಲು ಫೆಮಾ ಅಡ್ಡಿ ಮಾಡುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಅಪರಾಧ. ಆಶ್ರಯ ಕೊಡುವ ದೇಶಗಳೂ ಮಾತು ಬದಲಿಸುತ್ತವೆ. ಪೋರ್ಚುಗಲ್ 2024ರಲ್ಲಿ ಹೊಸಬರಿಗೆ ತನ್ನ ಹಳೆಯ ರಿಯಾಯಿತಿಯ ಬಾಗಿಲು ಹಾಕಿತು. ಬ್ರಿಟನ್ ಏಪ್ರಿಲ್ 2025ರಲ್ಲಿ ಹೊರದೇಶದಲ್ಲಿ ಮೂಲ ನೆಲೆಯಿರುವವರಿಗೆ ಕೊಡುತ್ತಿದ್ದ ‘ನಾನ್-ಡಾಮ್’ ರಿಯಾಯಿತಿ ಪದ್ಧತಿಯನ್ನೇ ತೆಗೆದುಹಾಕಿತು.

ಹಾಗೆಂದು ಸೂತ್ರದಲ್ಲಿ ಹುರುಳೇ ಇಲ್ಲ ಎನ್ನಲಾಗದು. ಎಲ್ಲ ಉಳಿತಾಯವೂ ಒಂದೇ ನಾಣ್ಯದಲ್ಲಿ, ಒಂದೇ ಊರಿನಲ್ಲಿ ಇರಬಾರದೆಂಬುದು ಕೆಜಿಎಫ್‌ಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ. 28 ಫೆಬ್ರುವರಿ 2001ರಂದು ಇಲ್ಲಿನ ಸರ್ಕಾರಿ ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಹಾಕಿದಾಗ ಕೆಲಸ, ಮನೆ, ಆಸ್ಪತ್ರೆ ಮೂರೂ ಒಂದೇ ಕಂಪನಿಯ ಕೈಯಲ್ಲಿದ್ದ ಕುಟುಂಬಗಳು ನಡುಬೀದಿಗೆ ಬಂದವು. ಇಲ್ಲಿಯೇ ನೆಲೆಸಿ ಹೊರಗೆ ಹೂಡುವವರಿಗೂ ರಿಸರ್ವ್ ಬ್ಯಾಂಕಿನ ಹಣ ರವಾನೆ ಯೋಜನೆ ಎಲ್‌ಆರ್‌ಎಸ್ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಅವಕಾಶ ಕೊಡುತ್ತದೆ. ಇನ್ನು ನಿಜವಾದ ನಿರಂತರ ಪ್ರಯಾಣಿಕರು ಎಂದರೆ ಹಡಗಿನವರು. ಅವರ ದಿನಗಳನ್ನು ಎಣಿಸಲು ಪ್ರತ್ಯೇಕ ನಿಯಮವಿದೆ. ಅನಿವಾಸಿ ನಾವಿಕರು ಹೊರಗೆ ದುಡಿದ ಸಂಬಳ ಎನ್‌ಆರ್‌ಇ ಖಾತೆಗೆ ಜಮೆಯಾದ ಮಾತ್ರಕ್ಕೆ ತೆರಿಗೆ ಬೀಳದು ಎಂದು 2017ರ ಸುತ್ತೋಲೆ ಹೇಳಿದೆ. ದುಡಿಮೆಯೇ ತಿರುಗಾಟ ಬೇಡಿದಾಗ ಕಾನೂನು ಜಾಗ ಕೊಡುತ್ತದೆ. ತೆರಿಗೆಗಾಗಿಯೇ ತಿರುಗುವವರನ್ನು ಅದು ಅನುಮಾನದಿಂದ ನೋಡುತ್ತದೆ.

ಸೂತ್ರದ ಲೆಕ್ಕಪತ್ರದಲ್ಲಿ ಖರ್ಚಿನ ಕಾಲಂ ಅಪೂರ್ಣ. ವೀಸಾ ಶುಲ್ಕ, ವಿಮಾನ, ಮೂರು ದೇಶಗಳ ಆಡಿಟರ್, ಎಲ್ಲೂ ಪೂರ್ತಿ ಅನ್ವಯಿಸದ ಆರೋಗ್ಯ ವಿಮೆ, ನೆಲೆ ಇಲ್ಲವೆಂದು ಸಾಲ ಕೊಡದ ಬ್ಯಾಂಕು ಇವೆಲ್ಲ ಅಲ್ಲಿ ಕಾಣುವುದಿಲ್ಲ. ಅಪ್ಪ ಅಮ್ಮನ ಆಸ್ಪತ್ರೆಗೆ ಓಡಿಬಂದ ತಿಂಗಳುಗಳೂ 120, 182ರ ಎಣಿಕೆಯಲ್ಲಿ ಸೇರುತ್ತವೆ. ಇನ್ನು ಲಂಡನ್ನಿನ ಲಾಭಾಂಶ ಮುಗಿದ ಮೇಲೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ಗೆ ಉಳಿದದ್ದು ಸೈನೈಡ್ ದಿಬ್ಬಗಳು. ಎಲ್ಲಿಯೂ ಸೇರದ ದುಡ್ಡು ಹಿಂದೆ ಬಿಟ್ಟುಹೋಗುವ ಊರಿನ ಹೊಣೆಯನ್ನು ಹೊರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಟ್ಟಿನಲ್ಲಿ ನಿರಂತರ ಪ್ರಯಾಣ ಜೀವನಶೈಲಿಯಾಗಿ ಯಾರಿಗಾದರೂ ಇಷ್ಟವಾಗಬಹುದು, ತೆರಿಗೆ ಯೋಜನೆಯಾಗಿ ಅದು ಸೋತ ಸರಕು. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಹೊರಟವರು ಐದು ಬಾವುಟಗಳ ಬದಲು ಒಂದನ್ನು ಗಟ್ಟಿಯಾಗಿ ನೆಡುವುದು ಲೇಸು. ಒಂದು ದೇಶದಲ್ಲಿ ಕಾನೂನು ಕೇಳುವಷ್ಟು ದಿನ ನಿಲ್ಲಿ, ಅಲ್ಲಿನ ನಿವಾಸ ಪ್ರಮಾಣಪತ್ರವನ್ನು ವರ್ಷವರ್ಷ ತೆಗೆದಿಡಿ. ಊರಿನ ಬ್ಯಾಂಕ್ ಖಾತೆ ಬದಲಿಸಿ, ಪಹಣಿ ನೋಡದೆ ಮುಂಗಡ ಕೊಡಬೇಡಿ, ಮರಳುವ ವರ್ಷಕ್ಕೆ ಮೊದಲೇ ಆಡಿಟರ್ ಬಳಿ ಕೂತು ಮಾತಾಡಿ.