ಹರಾಜಿನ ಕಟ್ಟೆ ಹತ್ತಿದ ಕವಿ

ತಿಪಟೂರು ಸೀಮೆಯವರಿಗೆ ಹರಾಜು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲಿದ್ದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗೊಟಗೊಟ ಅಂದಮೇಲೆ ಸುಲಿದು, ಕರಟ ಒಡೆದು, ಉಂಡೆ ಬಿಡಿಸಿ, ಚೀಲ ತುಂಬಿ ಮಾರುಕಟ್ಟೆಗೆ ಒಯ್ದವರು ನಾವು. ಅಲ್ಲಿ ಒಂದು ಉಂಡೆ ಒಡೆದು ಬಿಳುಪು ನೋಡಿ ಇನ್ಯಾರೋ ಬೆಲೆ ಕಟ್ಟುವಾಗ ಹೊಟ್ಟೆಯಲ್ಲಿ ಏಳುವ ಸಂಕಟವೂ ನಮಗೆ ಗೊತ್ತು. ವರ್ಷದ ದುಡಿಮೆ ಆ ಒಂದು ಅಂಕಿಯೊಳಗೆ ಹಿಡಿಸುವುದಿಲ್ಲ. ಇದು ಗೊತ್ತಿರುವವರು ಅಮೆರಿಕದ ವಾಲ್ಟ್ ವಿಟ್ಮನ್‌ನನ್ನು ಓದಬೇಕೆಂಬುದು ನನ್ನ ಬಹುಕಾಲದ ಆಸೆ.

ಅವನ ಒಂದು ಕವಿತೆಯಲ್ಲಿ ಹರಾಜು ಬರುತ್ತದೆ. ಅಲ್ಲಿ ಮಾರಾಟಕ್ಕಿರುವುದು ಮನುಷ್ಯ. 1848ರಲ್ಲಿ ಪತ್ರಿಕೆಯ ಕೆಲಸಕ್ಕೆಂದು ವಿಟ್ಮನ್ ನ್ಯೂ ಆರ್ಲಿಯನ್ಸ್‌ನಲ್ಲಿ ಮೂರು ತಿಂಗಳಷ್ಟು ಇದ್ದ. ಗುಲಾಮರನ್ನು ನಿಲ್ಲಿಸಿ ಕೂಗಿ ಮಾರುತ್ತಿದ್ದ ಊರು ಅದು. ಕವಿತೆಯಲ್ಲಿ ಅವನು ಹರಾಜನ್ನು ಬೈಯುವುದಿಲ್ಲ, ಕಣ್ಣೀರೂ ಹಾಕುವುದಿಲ್ಲ. ಕೂಗುವವನಿಗೆ ತನ್ನ ಕಸುಬೇ ಸರಿಯಾಗಿ ಬಾರದು ಎಂದು ತಾನೇ ಕಟ್ಟೆ ಹತ್ತಿ ಕೂಗಲು ಶುರುಮಾಡುತ್ತಾನೆ. ಈ ತಲೆ ನೋಡಿ, ಈ ಕೈಕಾಲು ನೋಡಿ, ಒಳಗೆ ಹರಿಯುವ ನೆತ್ತರು ನೋಡಿ ಎಂದು ಒಂದೊಂದನ್ನೇ ತೋರಿಸುತ್ತ, ಈ ಒಡಲನ್ನು ಸಿದ್ಧಮಾಡಲು ಭೂಮಿಗೆ ಎಣಿಕೆಗೆ ಸಿಗದಷ್ಟು ಕಾಲ ಹಿಡಿಯಿತು, ನಿಮ್ಮ ಯಾವ ಸವಾಲೂ ಸಾಲದು ಅನ್ನುತ್ತಾನೆ. ಕೂಗುವವನ ಭಾಷೆಯನ್ನೇ ಕಸಿದುಕೊಂಡು ಹರಾಜನ್ನೇ ಮುರಿಯುವ ಈ ಬಗೆಗೆ ಸಮನಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಕೊಬ್ಬರಿಯ ಬೆಲೆಗೂ ಆ ನರಕಕ್ಕೂ ಹೋಲಿಕೆ ಸಲ್ಲದು, ನಿಜ. ಆದರೆ ಬೆಲೆ ಕೂಗುವ ದನಿ ಕೇಳಿ ಬೆಳೆದ ಕಿವಿಗೆ ಈ ಕವಿತೆ ತಟ್ಟುವಷ್ಟು ಗಟ್ಟಿಯಾಗಿ ಇತರರಿಗೆ ತಟ್ಟಲಾರದು.

ವಿಟ್ಮನ್ ಓದು ಬಿಟ್ಟಾಗ ಅವನಿಗೆ ಹನ್ನೊಂದು ವರ್ಷ. ಮುದ್ರಣಾಲಯ ಸೇರಿ ಮೊಳೆ ಜೋಡಿಸುವುದನ್ನು ಕಲಿತ. 1855ರಲ್ಲಿ ‘ಲೀವ್ಸ್ ಆಫ್ ಗ್ರಾಸ್’ ಹೊರಬಂದಾಗ ಅದರಲ್ಲಿದ್ದದ್ದು ಹನ್ನೆರಡೇ ಕವಿತೆ. ಕೆಲವು ಪುಟಗಳ ಮೊಳೆಯನ್ನು ಅವನೇ ಜೋಡಿಸಿದ್ದ. ಮುಖಪುಟದಲ್ಲಿ ಹೆಸರಿಲ್ಲ, ಎದುರಿಗೆ ಅಂಗಿಯ ಕತ್ತು ತೆರೆದು ನಿಂತ ದುಡಿಯುವವನ ಚಿತ್ರ. ಸಾಯುವ 1892ರವರೆಗೂ ಅದೊಂದೇ ಪುಸ್ತಕವನ್ನು ತಿದ್ದಿದ, ಬೆಳೆಸಿದ.

ಇಂಥವನು ಕನ್ನಡಕ್ಕೆ ತಡವಾಗಿ ಬಂದದ್ದೇಕೆಂದು ಯೋಚಿಸಿದರೆ ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆ ನೆನಪಾಗುತ್ತದೆ. 1884ರಲ್ಲಿ ಬಿ.ಎಂ.ಶ್ರೀ ಹುಟ್ಟಿದ್ದು ಅಲ್ಲಿ. 1926ರ ‘ಇಂಗ್ಲಿಷ್ ಗೀತಗಳು’ ಕನ್ನಡದ ಕಿವಿಗೆ ಹೊಸ ಲಯ ಕಲಿಸಿತು. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ ‘ಒಲುಮೆ’ಯಲ್ಲಿ ನಡೆದದ್ದೂ ಆ ದಾರಿಯಲ್ಲೇ. ನಮ್ಮ ಸೀಮೆಯ ಈ ಇಬ್ಬರ ಋಣ ದೊಡ್ಡದು. ಆದರೆ ಬಿ.ಎಂ.ಶ್ರೀಯವರು ತೆರೆದ ಬಾಗಿಲಿನಿಂದ ಬಂದದ್ದು ಅಳತೆಗೆ ಕೂತ ಹಾಡು. ಛಂದಸ್ಸನ್ನೂ ಪ್ರಾಸವನ್ನೂ ಕಳಚಿಟ್ಟು, ಉಸಿರಿನಷ್ಟುದ್ದ ಸಾಲು ಬರೆದವನಿಗೆ ಜಾಗವಾಗಲು ನವ್ಯರ ಕಾಲವೇ ಬರಬೇಕಾಯಿತು ಎಂದು ನನಗನ್ನಿಸುತ್ತದೆ. ಗೋಪಾಲಕೃಷ್ಣ ಅಡಿಗರು ಅವನನ್ನು ‘ಹುಲ್ಲಿನ ದಳಗಳು’ ಎಂದು ಕನ್ನಡಿಸಿದರು.

ಆ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ದಳ ಎಂದೊಡನೆ ಬಿಲ್ವ, ತುಳಸಿ, ದೇವರಕೋಣೆ ಕಣ್ಣಿಗೆ ಬರುತ್ತವೆ. ವಿಟ್ಮನ್‌ನ ಹುಲ್ಲು ದಾರಿಯ ಮಗ್ಗುಲಲ್ಲಿ ತುಳಿಸಿಕೊಂಡು ಬೆಳೆದದ್ದು. ಮೇಲಾಗಿ ಮೂಲದ ಮಾತಿಗೆ ಎಲೆ, ಹಾಳೆ ಎರಡೂ ಅರ್ಥ ಉಂಟು. ಅಚ್ಚುಮನೆಯವನು ಬೇಕೆಂದೇ ಇಟ್ಟ ಹೆಸರದು. ಆ ಎರಡನ್ನೂ ಹೊರುವ ಪದ ನಮ್ಮ ತೋಟದಲ್ಲೇ ಇದೆ: ಗರಿ. ತೆಂಗಿನ ಗರಿಯೂ ಹೌದು, ಬರೆಯುವ ಓಲೆಗರಿಯೂ ಹೌದು.

ವಿಟ್ಮನ್‌ನ ಜೀವಾಳ ಅವನ ಪಟ್ಟಿಗಳು. ಬಡಗಿ, ದೋಣಿಯವನು, ನೂಲುವ ಹುಡುಗಿ, ನೇಗಿಲು ಹಿಡಿದವನು, ಹೀಗೆ ಸಾಲುಸಾಲು. ಅವನು ಪಕ್ಕದಲ್ಲಿ ನಿಂತು ನೋಡಿದ್ದಾದರೆ ಪಟ್ಟಿ ಉಸಿರಾಡುತ್ತದೆ. ತಲೆ ನರೆತು ದವಡೆ ಬತ್ತಿದ ಮೊಳೆ ಜೋಡಿಸುವವನು ಹೊಗೆಸೊಪ್ಪು ಮೆಲ್ಲುತ್ತ ಕೆಲಸ ಮಾಡುತ್ತಾನೆ, ಹಸ್ತಪ್ರತಿ ನೋಡಿ ನೋಡಿ ಅವನ ಕಣ್ಣು ಮಂಜಾಗುತ್ತದೆ. ಇಷ್ಟರಲ್ಲಿ ಒಂದು ಬಾಳು ಮುಗಿಯಿತು. ಭೂಪಟ ಹರಡಿಕೊಂಡು ಬರೆದಾಗ ಮಾತ್ರ ಪಟ್ಟಿ ಬರಿಯ ಹೆಸರಾಗುತ್ತದೆ. ಸೂಯೆಜ್ ಕಾಲುವೆ ತೆರೆದ ಸಂಭ್ರಮದಲ್ಲಿ ಬರೆದ ‘ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಗಂಗೆ, ಸಿಂಧು, ಬ್ರಹ್ಮ, ಬುದ್ಧ, ಔರಂಗಜೇಬ ಎಲ್ಲರೂ ಇದ್ದಾರೆ, ನೀರು ಕಟ್ಟುವ ಒಬ್ಬ ರೈತನಿಲ್ಲ. ನನಗೆ ಆ ಕವಿತೆ ಬೇಡ. ಲಿಂಕನ್ ಸತ್ತಾಗ ಬರೆದ ಪ್ರಾಸದ ‘ಓ ಕ್ಯಾಪ್ಟನ್’ ಎಷ್ಟೇ ಹೆಸರಾಗಿದ್ದರೂ ಅವನ ನಿಜ ದನಿ ಅದರಲ್ಲಿಲ್ಲ.

ಅವನನ್ನು ವಚನಕಾರರ ಸಾಲಿಗೆ ಸೇರಿಸುವುದು ಸುಲಭ. ನಾನು ಸೇರಿಸಲಾರೆ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯ ತನ್ನ ವಚನದಲ್ಲಿ ತಾನೇ ಮಾತಾಡುತ್ತಾನೆ. ವಿಟ್ಮನ್ ಬೇರೆಯವರ ಪರವಾಗಿ ಮಾತಾಡುತ್ತಾನೆ. ಆ ಮಾತಿನಲ್ಲಿ ಪ್ರೀತಿಗೆ ಕೊರತೆಯಿಲ್ಲ. ಅಂತರ್ಯುದ್ಧದ ವರ್ಷಗಳಲ್ಲಿ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರ ಮಗ್ಗುಲಲ್ಲಿ ಕೂತು ಅವರ ಮನೆಗಳಿಗೆ ಕಾಗದ ಬರೆದುಕೊಟ್ಟವನು ಅವನು. ಅದೇ ಮನುಷ್ಯ 1872ರಲ್ಲಿ ಕರಿಯರ ಮತದಾನದ ಹಕ್ಕಿನ ವಿಚಾರದಲ್ಲಿ, ಹಕ್ಕಿನ ಪರ ನಿಂತ ಆಪ್ತ ಗೆಳೆಯ ವಿಲಿಯಂ ಓಕಾನರ್ ಜೊತೆ ಜಗಳವಾಡಿ ದೂರವಾದ. ಇದನ್ನು ತಿಳಿದು ಮತ್ತೆ ಆ ಹರಾಜಿನ ಕವಿತೆಗೆ ಹೋದಾಗ, ಮೊದಲ ಓದಿನಲ್ಲಿ ಕಾಣದ್ದು ಕಂಡಿತು. ಕವಿ ಅಷ್ಟೆಲ್ಲ ಕೂಗಿ ಮುಗಿಸಿದರೂ ಕಟ್ಟೆಯ ಮೇಲೆ ನಿಂತವನು ಒಂದು ಮಾತೂ ಆಡಿಲ್ಲ. ಅವನ ಹೆಸರೇನೆಂದು ಕವಿ ಕೇಳಿಯೂ ಇಲ್ಲ.