ಆಡಿದ ಮಾತು, ಉಳಿದ ಮಾತು: ಪುಣೆಯ ಉಪನ್ಯಾಸ ಪರಂಪರೆ

ಅತಿಥಿ ಉಪನ್ಯಾಸಗಳನ್ನು ಕುರಿತು ನಮ್ಮ ವಿದ್ವದ್ವಲಯದಲ್ಲಿ ವರದಿಗಳುಂಟು, ವಿಮರ್ಶೆಯಿಲ್ಲ. ಯಾರು ಬಂದರು, ಯಾರು ಅಧ್ಯಕ್ಷತೆ ವಹಿಸಿದರು ಎಂಬುದು ದಾಖಲಾಗುತ್ತದೆ. ಅವರು ಆಡಿದ ಮಾತು ಏನಾಯಿತೆಂಬುದು ದಾಖಲಾಗುವುದಿಲ್ಲ. ಈ ಕೊರತೆಯನ್ನು ಪರಿಶೀಲಿಸಲು ವಿದ್ಯಾನಗರಿಯಾದ ಪುಣೆಯ ನಿದರ್ಶನ ತಕ್ಕುದೆಂದು ನಾವು ಭಾವಿಸುತ್ತೇವೆ.

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪ್ರೇರಣೆಯಿಂದ 1875ರಲ್ಲಿ ಅಲ್ಲಿ ವಸಂತ ವ್ಯಾಖ್ಯಾನಮಾಲೆ ಆರಂಭವಾಯಿತು. ಪರೀಕ್ಷೆಯ ಹಂಗಿಲ್ಲದೆ, ಬಂದವರೆಲ್ಲರೂ ಕೇಳಬಹುದಾದ ವಿದ್ಯೆ ಅದು. ಅದೇ ವರ್ಷ ಸ್ವಾಮಿ ದಯಾನಂದ ಸರಸ್ವತಿಯವರು ಪುಣೆಯಲ್ಲಿ ಹಿಂದಿಯಲ್ಲಿ ಉಪನ್ಯಾಸಗಳನ್ನು ಕೊಟ್ಟರು. ಅವುಗಳಲ್ಲಿ 15 ಮರಾಠಿಯಲ್ಲಿ ಅಚ್ಚಾದುದರಿಂದಲೇ ಇಂದಿಗೂ ಓದಲು ದೊರೆಯುತ್ತವೆ. ಅತಿಥಿಯ ಭಾಷೆ ಒಂದು, ಊರಿನ ಭಾಷೆ ಮತ್ತೊಂದು. ಇವೆರಡರ ನಡುವೆ ಕುಳಿತು ಬರೆದುಕೊಂಡವನಿಂದ ಮಾತು ಉಳಿಯಿತು.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಇದು ಹೊಸ ಸಂಗತಿಯಲ್ಲ. 12ನೆಯ ಶತಮಾನದ ಶರಣರ ಮಾತು ನಮಗೆ ದಕ್ಕಿರುವುದು ಬಹುಮಟ್ಟಿಗೆ 15ನೆಯ ಶತಮಾನದ ಸಂಕಲನಕಾರರ ಶ್ರದ್ಧೆಯಿಂದ. ಜಮಖಂಡಿಯಲ್ಲಿ ಜನಿಸಿ, ಪುಣೆಯಲ್ಲಿ ಓದಿ, ಅಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಬೋಧಿಸಿದ ಗುರುದೇವ ರಾ. ದ. ರಾನಡೆಯವರು ಕನ್ನಡ ಸಂತರನ್ನು ಕುರಿತು ನೀಡಿದ ಉಪನ್ಯಾಸಗಳೂ ಹಾಗೆಯೇ. ಅವರು 1957ರಲ್ಲಿ ತೀರಿಕೊಂಡರು. ಇಂಗ್ಲಿಷ್ ಗ್ರಂಥ 1960ರಲ್ಲಿ ಹೊರಬಂದಿತು.

ಅಚ್ಚಾದ ಮಾತೆಲ್ಲ ಜೀವಂತವೆಂದು ಇದರ ಅರ್ಥವಲ್ಲ. ಸಭೆಯಲ್ಲಿ ಎದ್ದ ಆಕ್ಷೇಪವನ್ನು ಬಿಟ್ಟು ಭಾಷಣವನ್ನಷ್ಟೇ ನುಣುಪುಗೊಳಿಸಿ ಮುದ್ರಿಸಿದರೆ ಉಳಿಯುವುದು ಉಪದೇಶ, ಉಪನ್ಯಾಸವಲ್ಲ. ಶೂನ್ಯಸಂಪಾದನೆಕಾರರು ವಚನಗಳನ್ನು ಸಂವಾದವಾಗಿ ಜೋಡಿಸಿದುದರ ಹಿಂದಿನ ವಿವೇಕ ಇಲ್ಲಿ ಸ್ಮರಣೀಯ: ಪ್ರಶ್ನೆಯಿಲ್ಲದೆ ಉತ್ತರಕ್ಕೆ ತೂಕವಿಲ್ಲ.

ಪುಣೆಯ ದಕ್ಷಿಣದ ಅಂಚಿನಲ್ಲಿರುವ ಕಾತ್ರಜ, ಕರ್ನಾಟಕದ ಕಡೆಯಿಂದ ಸಾತಾರಾ ಮಾರ್ಗವಾಗಿ ಬರುವವರಿಗೆ ನಗರದ ಬಾಗಿಲು. 18ನೆಯ ಶತಮಾನದ ಮಧ್ಯದಲ್ಲಿ, ಪೇಶ್ವೆ ನಾನಾಸಾಹೇಬರ ಆಳ್ವಿಕೆಯಲ್ಲಿ, ಅಲ್ಲಿಯ ಕೆರೆಯ ನೀರನ್ನು ನೆಲದಡಿಯ ಕಾಲುವೆಯಿಂದ ನಗರದ ತೊಟ್ಟಿಗಳಿಗೆ ಹರಿಸಲಾಯಿತು. ಕೆರೆಯಲ್ಲಿ ನೀರಿದ್ದರೆ ಸಾಲದು, ಕಾಲುವೆಯೂ ಬೇಕೆಂದು ಅಂದಿನವರು ಬಲ್ಲರು. ಇಂದು ಕಾತ್ರಜದ ಸಮೀಪದಲ್ಲಿಯೇ ಭಾರತಿ ವಿದ್ಯಾಪೀಠದ ವಿಸ್ತಾರವಾದ ಆವರಣವಿದೆ. ಇಂಥ ನೆಲೆಗಳಿಗೆ ಕನ್ನಡದ ವಿದ್ವಾಂಸರನ್ನು ಆಹ್ವಾನಿಸುವವರು ಹಾರ, ಶಾಲು, ಸ್ಮರಣಿಕೆಗಳ ವೆಚ್ಚದಲ್ಲಿ ಒಂದು ಪಾಲನ್ನು ಬರೆದುಕೊಳ್ಳುವವರಿಗೂ ಅನುವಾದಕರಿಗೂ ಮೀಸಲಿಡಲಿ. ಉಪನ್ಯಾಸವೂ ಅದಕ್ಕೆ ಬಂದ ಪ್ರಶ್ನೆಗಳೂ ಕನ್ನಡ, ಮರಾಠಿ ಎರಡರಲ್ಲಿಯೂ ಅಚ್ಚಾಗಲಿ. ಇಲ್ಲವಾದರೆ ಹೊರನಾಡಿನ ಕನ್ನಡ ಸಭೆ ತನ್ನ ಮಾತನ್ನು ತಾನೇ ಕೇಳಿ ಎದ್ದುಹೋಗುತ್ತದೆ. ನೆರೆಯವರಿಗೂ ಮುಂದಿನ ತಲೆಮಾರಿಗೂ ಅದರಿಂದ ಏನೂ ದೊರೆಯುವುದಿಲ್ಲ.