ಸರ್ಕಾರ ಸಾಕಿದ ಮಕ್ಕಳ ಕಾಲೇಜು ಫೀಸು

ಅಮೆರಿಕದಲ್ಲಿ ಕಾಲೇಜು ಓದಿಗೆ ಸರ್ಕಾರದ ನೆರವು ಬೇಕಾದವರು ಮೊದಲು ಒಂದು ಅರ್ಜಿ ತುಂಬಬೇಕು. ಅಲ್ಲಿ ಎಲ್ಲರೂ ಅದನ್ನು ಫ್ಯಾಫ್ಸಾ ಅನ್ನುತ್ತಾರೆ. ಅರ್ಜಿ ಎಷ್ಟೇ ಉದ್ದವಿದ್ದರೂ ಅದರ ಒಳಗಿನ ಪ್ರಶ್ನೆ ಒಂದೇ: ಹೆತ್ತವರ ಆದಾಯ ಎಷ್ಟು? ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಮಗಳು ಹನ್ನೆರಡನೇ ತರಗತಿಗೆ ಬಂದ ವರ್ಷ ಈ ಅರ್ಜಿಗೆ ಕೂರುತ್ತವೆ. ಅಪ್ಪ ತೆರಿಗೆ ಕಾಗದಗಳನ್ನು ಹುಡುಕಿ ತೆಗೆಯುತ್ತಾರೆ, ಅಮ್ಮ ಕೊನೆಯ ದಿನಾಂಕ ನೆನಪಿಸುತ್ತಾರೆ, ಎಲ್ಲಾದರೂ ತೊಡಕಾದರೆ ಪರಿಚಯದವರಿಗೆ ಫೋನ್ ಹೋಗುತ್ತದೆ. ಹಣ ಎಷ್ಟು ಬಂತು ಎನ್ನುವುದು ಬೇರೆ ಮಾತು. ಅರ್ಜಿ ಮಾತ್ರ ಸರಿಯಾಗಿ, ಸಮಯಕ್ಕೆ ಹೋಗಿರುತ್ತದೆ. ಇಡೀ ನೆರವಿನ ವ್ಯವಸ್ಥೆ ನಿಂತಿರುವುದು ಮಗುವಿನ ಪಕ್ಕದಲ್ಲಿ ಹೀಗೆ ಕೂರುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ.

ಫಾಸ್ಟರ್ ಕೇರ್‌ನಲ್ಲಿ ಬೆಳೆದ ಮಕ್ಕಳಿಗೆ ಆ ಹಿರಿಯರಿಲ್ಲ. ಹೊಡೆತ, ನಿರ್ಲಕ್ಷ್ಯ, ಹೆತ್ತವರ ಮಾದಕ ವ್ಯಸನ ಇಂಥ ಕಾರಣಗಳಿಂದ ನ್ಯಾಯಾಲಯವೇ ಇವರನ್ನು ಮನೆಯಿಂದ ಬಿಡಿಸಿ ಸಾಕುಮನೆಯಲ್ಲೋ, ನೆಂಟರ ಬಳಿಯೋ, ಗುಂಪು ವಸತಿಯಲ್ಲೋ ಇರಿಸಿರುತ್ತದೆ. 2023ರಲ್ಲಿ ಅಲ್ಲಿ ಇಂಥ ಮಕ್ಕಳ ಸಂಖ್ಯೆ ಸುಮಾರು 3 ಲಕ್ಷ 43 ಸಾವಿರ. ಮರಳಿ ಹೆತ್ತವರ ಮನೆ ಸೇರದೆ, ದತ್ತುವೂ ಆಗದೆ, ವಯಸ್ಸು ತುಂಬಿತೆಂಬ ಕಾರಣಕ್ಕೆ ಹೊರಬರುವವರು ಈಚಿನ ವರ್ಷಗಳಲ್ಲಿ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರದಷ್ಟು. ಇವರಲ್ಲಿ ಬಹುಪಾಲು ಮಂದಿಗೆ ಓದುವ ಆಸೆ ಇದೆ. ಆದರೆ ಅಯೋವಾ, ಇಲಿನಾಯ್, ವಿಸ್ಕಾನ್ಸಿನ್ ರಾಜ್ಯಗಳ ಇಂಥ ಯುವಜನರನ್ನು ಷಿಕಾಗೊ ವಿಶ್ವವಿದ್ಯಾಲಯದ ಚಾಪಿನ್ ಹಾಲ್ ಸಂಸ್ಥೆ ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, 26ನೇ ವಯಸ್ಸಿಗೆ ಎರಡು ಅಥವಾ ನಾಲ್ಕು ವರ್ಷದ ಪದವಿ ಪಡೆದಿದ್ದವರು ನೂರಕ್ಕೆ 8 ಮಂದಿ. ಅದೇ ವಯಸ್ಸಿನ ಉಳಿದವರಲ್ಲಿ ಆ ಪ್ರಮಾಣ 46.

ಈ ಅಂತರ ತುಂಬಲು ಅಮೆರಿಕ ಏನೂ ಮಾಡಿಲ್ಲ ಎಂದರೆ ಅನ್ಯಾಯದ ಮಾತಾದೀತು. ಅಲ್ಲಿನ ಶಾಸಕರು ಮಾಡಿದ ಒಂದು ತಿದ್ದುಪಡಿಯನ್ನು ಮನಸಾರೆ ಮೆಚ್ಚಬೇಕು. 2009ರವರೆಗೆ ನಿಯಮ ಹೀಗಿತ್ತು: ಹದಿನೆಂಟು ತುಂಬುವವರೆಗೂ ಸರ್ಕಾರದ ಸುಪರ್ದಿಯಲ್ಲೇ ಇದ್ದರೆ ಮಾತ್ರ ಆ ವಿದ್ಯಾರ್ಥಿಯನ್ನು ಸ್ವತಂತ್ರ ಎಂದು ಪರಿಗಣಿಸಿ, ಹೆತ್ತವರ ಆದಾಯ ಕೇಳದೆ ನೆರವು ಕೊಡುತ್ತಿದ್ದರು. ಇದರಿಂದ ಒಂದು ಕ್ರೂರ ಇಕ್ಕಟ್ಟು ಹುಟ್ಟಿತ್ತು. ಹದಿನಾರರ ಹುಡುಗಿಯನ್ನು ಯಾರೋ ಪುಣ್ಯಾತ್ಮರು ದತ್ತು ತೆಗೆದುಕೊಳ್ಳಲು ಮುಂದೆ ಬಂದರೆ ಅವಳು ಅವರ ಮಗಳಾಗುತ್ತಾಳೆ, ಅವರ ಸಂಬಳ ಲೆಕ್ಕಕ್ಕೆ ಬರುತ್ತದೆ, ಕಾಲೇಜಿನ ನೆರವು ಕೈತಪ್ಪುತ್ತದೆ. ಮನೆ ಬೇಕೋ, ಓದು ಬೇಕೋ ಎಂದು ಹದಿನಾರರ ಮಗುವನ್ನು ಕೇಳಿದಂತಾಗಿತ್ತು. 2007ರ ಕಾಯ್ದೆ ಇದನ್ನು ಬದಲಿಸಿತು. ಹದಿಮೂರು ತುಂಬಿದ ಮೇಲೆ ಒಂದು ದಿನವಾದರೂ ಫಾಸ್ಟರ್ ಕೇರ್‌ನಲ್ಲಿದ್ದವರು ಸ್ವತಂತ್ರ ವಿದ್ಯಾರ್ಥಿಗಳೇ, ಆಮೇಲೆ ಅವರಿಗೆ ಮನೆ ಸಿಕ್ಕಿದ್ದರೂ ಸರಿ ಎಂದಿತು. ಅದು 2009ರಿಂದ ಜಾರಿಯಲ್ಲಿದೆ. ಸಮಸ್ಯೆಯ ಬುಡ ಹುಡುಕಿ ಅಲ್ಲಿಗೇ ಕೈಹಾಕಿದ ಕೆಲಸ ಇದು.

ತಕರಾರು ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹದಿಮೂರರ ನಂತರ ಫಾಸ್ಟರ್ ಕೇರ್‌ನಲ್ಲಿದ್ದೆಯಾ ಎಂಬ ಅರ್ಜಿಯ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದರೆ ಸಾಲದು. ಕಾಲೇಜಿನ ಹಣಕಾಸು ನೆರವಿನ ಕಚೇರಿ ಪುರಾವೆ ಕೇಳಬಹುದು. ವರ್ಷಗಟ್ಟಲೆ ಅನೇಕ ಕಚೇರಿಗಳು ನ್ಯಾಯಾಲಯದ ಆದೇಶವನ್ನೇ ತಾ ಎನ್ನುತ್ತಿದ್ದವು. ನಾಲ್ಕಾರು ಮನೆ, ನಾಲ್ಕಾರು ಶಾಲೆ ಬದಲಿಸಿದ ಹುಡುಗ ಆ ಕಾಗದವನ್ನು ಎಲ್ಲಿ ಜೋಪಾನ ಮಾಡಿಟ್ಟಿರುತ್ತಾನೆ? ಅವನ ಕಡತ ನೋಡಿಕೊಳ್ಳುತ್ತಿದ್ದ ಸಮಾಜ ಕಾರ್ಯಕರ್ತೆ ಕೆಲಸ ಬಿಟ್ಟಿರುತ್ತಾರೆ, ಹೊಸಬರಿಗೆ ಅವನ ಹೆಸರೂ ಗೊತ್ತಿರುವುದಿಲ್ಲ. 2018ರ ಕಾನೂನು ಫಾಸ್ಟರ್ ಕೇರ್‌ನಿಂದ ಹೊರಡುವ ಯುವಜನರ ಕೈಗೆ, ಅವರು ಅಲ್ಲಿದ್ದರು ಎನ್ನುವ ಅಧಿಕೃತ ದಾಖಲೆಯನ್ನೂ ಕೊಡಬೇಕೆಂದು ರಾಜ್ಯಗಳಿಗೆ ಹೇಳಿತು. 2020ರ ಕೊನೆಯಲ್ಲಿ ಬಂದ ಫ್ಯಾಫ್ಸಾ ಸರಳೀಕರಣ ಕಾಯ್ದೆ ಇನ್ನಷ್ಟು ಬಾಗಿಲು ತೆರೆಯಿತು: ವಕೀಲರು, ನ್ಯಾಯಾಲಯ ನೇಮಿಸಿದ ಸ್ವಯಂಸೇವಕರು, ಸರ್ಕಾರಿ ಏಜೆನ್ಸಿ ಇವರಲ್ಲಿ ಯಾರಾದರೂ ಬರೆದುಕೊಟ್ಟ ಮಾತು, ದಾಖಲಿಸಿಕೊಂಡ ಫೋನ್ ಕರೆ ಕೂಡ ಸಾಕು. ಒಮ್ಮೆ ಒಪ್ಪಿದ ಮೇಲೆ, ಮಾಹಿತಿಯಲ್ಲಿ ವಿರೋಧ ಕಾಣದ ಹೊರತು, ಅದೇ ಕಾಲೇಜು ವರ್ಷವರ್ಷವೂ ಮತ್ತೆ ಕೇಳಬೇಕಾಗಿಲ್ಲ.

ಇವೆಲ್ಲ ಒಳ್ಳೆಯವೇ. ಆದರೂ ಹೊರೆ ಹೊತ್ತಿರುವುದು ಮಗುವೇ. ಈ ಮಗುವನ್ನು ಮನೆಯಿಂದ ಕರೆದುಕೊಂಡು ಹೋದದ್ದು ಸರ್ಕಾರ. ಯಾವ ದಿನದಿಂದ ಯಾವ ದಿನದವರೆಗೆ ಎಲ್ಲಿತ್ತು ಎಂಬ ದಾಖಲೆ ಇರುವುದು ಸರ್ಕಾರದ ಕಂಪ್ಯೂಟರಿನಲ್ಲಿ. ಅದೇ ಸರ್ಕಾರದ ಇನ್ನೊಂದು ಇಲಾಖೆ, ನೀನು ನಮ್ಮ ಸುಪರ್ದಿಯಲ್ಲಿದ್ದೆ ಎಂದು ನೀನೇ ಸಾಬೀತು ಮಾಡು ಎನ್ನುತ್ತದೆ. ಇದು ಆಗದ ಕೆಲಸವೇನೂ ಅಲ್ಲ. ಫಾಸ್ಟರ್ ಕೇರ್‌ನ ಯುವಜನರಿಗೆಂದೇ ಇರುವ ಚೇಫಿ ಅನುದಾನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಿದರೆ, ವಿದ್ಯಾರ್ಥಿ ನೆರವು ಆಯೋಗವೂ ಸಮಾಜ ಸೇವಾ ಇಲಾಖೆಯೂ ತಮ್ಮ ದಾಖಲೆಗಳನ್ನು ತಾವೇ ತಾಳೆ ನೋಡಿ ಅರ್ಹತೆ ತೀರ್ಮಾನಿಸುತ್ತವೆ. ಒಂದು ಅನುದಾನಕ್ಕೆ ಸಾಧ್ಯವಾದದ್ದು ಇಡೀ ದೇಶದ ಅರ್ಜಿಗೆ ಯಾಕೆ ಸಾಧ್ಯವಾಗಬಾರದು?

ಚೇಫಿ ಎಂದೆನಲ್ಲ, ರೋಡ್ ಐಲೆಂಡಿನ ಸೆನೆಟರ್ ಜಾನ್ ಚೇಫಿ ಅವರ ಹೆಸರಿನ ಆ ಯೋಜನೆ 1999ರದು. ಅದರಡಿ ಓದಿಗೆ ಹಣ ಕೊಡುವ ವೋಚರ್ ಸೇರಿದ್ದು 2002ರಲ್ಲಿ: ವರ್ಷಕ್ಕೆ ಗರಿಷ್ಠ 5,000 ಡಾಲರ್. ಅಂದಿನಿಂದ ಇಂದಿನವರೆಗೆ ಮನೆ ಬಾಡಿಗೆ, ಪುಸ್ತಕ, ಊಟ ಎಲ್ಲದರ ಬೆಲೆಯೂ ಏರಿದೆ. ಆ ಮಿತಿ ಮಾತ್ರ ಅಲ್ಲೇ ಇದೆ. ಕೋವಿಡ್ ಕಾಲದಲ್ಲಿ 12,000 ಡಾಲರಿಗೆ ಏರಿಸಿದ್ದರು. 2022ರ ಸೆಪ್ಟೆಂಬರಿಗೆ ಅವಧಿ ಮುಗಿದು ಮತ್ತೆ ಹಳೆಯ ಮಿತಿಗೇ ಇಳಿಯಿತು. ಇದಕ್ಕೆ ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟಿನ ಗರಿಷ್ಠ 7,395 ಡಾಲರ್ ಸೇರಿದರೂ, ಸ್ವಂತ ಮನೆಯಿಲ್ಲದ ವಿದ್ಯಾರ್ಥಿ ಲಾಸ್ ಏಂಜಲೀಸಿನಂಥ ಊರಲ್ಲಿ ಒಂದು ಕೋಣೆ ಹಿಡಿದು ವರ್ಷ ಕಳೆಯುವುದು ಕಷ್ಟ. ಹಣ ಕೈಗೆ ಬರುವ ಹೊತ್ತಿಗೆ ತರಗತಿಗಳು ಶುರುವಾಗಿರುತ್ತವೆ, ಮನೆಯ ಮುಂಗಡ ಮಾತ್ರ ಅದಕ್ಕೂ ಮೊದಲೇ ಕೊಡಬೇಕು. ಅಪ್ಪನ ಬಳಿ ಒಂದು ತಿಂಗಳ ಕೈಸಾಲ ಕೇಳಬಲ್ಲವರಿಗೆ ಇದು ಸಮಸ್ಯೆಯೆಂದೇ ತೋರದು.

ವಯಸ್ಸಿನ ಗೆರೆಗಳ ಗೊಂದಲ ಬೇರೆ. ಫ್ಯಾಫ್ಸಾಕ್ಕೆ ಹದಿಮೂರು. ಕ್ಯಾಲಿಫೋರ್ನಿಯಾದ ಚೇಫಿ ಅನುದಾನಕ್ಕೆ ಹದಿನಾರರಿಂದ ಹದಿನೆಂಟರ ನಡುವೆ ಒಂದು ದಿನವಾದರೂ ಸುಪರ್ದಿಯಲ್ಲಿ ಇದ್ದಿರಬೇಕು. ಹದಿನೈದಕ್ಕೆ ದತ್ತುವಾದ ಹುಡುಗಿ ಮೊದಲನೆಯದಕ್ಕೆ ಅರ್ಹಳು, ಎರಡನೆಯದಕ್ಕೆ ಅಲ್ಲ. 2007ರಲ್ಲಿ ಮನೆ ಬೇಕೋ ಓದು ಬೇಕೋ ಎಂಬ ಇಕ್ಕಟ್ಟನ್ನು ಕಿತ್ತುಹಾಕಿದರು ಎಂದೆ. ಅದರ ಒಂದು ಬೇರು ಹೀಗೆ ಇನ್ನೊಂದು ಯೋಜನೆಯೊಳಗೆ ಉಳಿದುಕೊಂಡಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಹಣ ಬಂದ ಮೇಲಿನ ಕಥೆಯಿಂದ. ಕೇಂದ್ರದ ನೆರವು ಉಳಿಯಬೇಕಾದರೆ ವಿದ್ಯಾರ್ಥಿಯ ಪ್ರಗತಿ ತೃಪ್ತಿಕರವಾಗಿರಬೇಕು. ಸಾಮಾನ್ಯವಾಗಿ ಸರಾಸರಿ ಗ್ರೇಡ್ 2.0ಕ್ಕಿಂತ ಕೆಳಗೆ ಇಳಿಯಬಾರದು, ಹಿಡಿದ ವಿಷಯಗಳಲ್ಲಿ ಶೇಕಡಾ 67ರಷ್ಟು ಮುಗಿಸಬೇಕು. ಓದದವರಿಗೆ ಹಣ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಯಾರು? ಡಿಸೆಂಬರ್ ರಜೆಗೆ ಹಾಸ್ಟೆಲ್ ಮುಚ್ಚಿದಾಗ ಹೋಗಲು ಮನೆಯಿಲ್ಲದವರು, ರಾತ್ರಿ ಪಾಳಿ ದುಡಿಯುವವರು, ತಮ್ಮ ತಂಗಿಯರು ಇನ್ನೂ ಸಾಕುಮನೆಯಲ್ಲಿದ್ದು ಅವರ ಪ್ರಕರಣಕ್ಕೆಂದು ನ್ಯಾಯಾಲಯಕ್ಕೆ ಓಡಾಡುವವರು. ಮನೆಯ ಆಸರೆ ಇರುವ ಹುಡುಗ ಎರಡು ವಿಷಯ ಫೇಲಾದರೆ ಮುಂದಿನ ಬಾರಿ ಪಾಸು ಮಾಡಿಕೊಳ್ಳುತ್ತಾನೆ. ಈ ಹುಡುಗನಿಗೆ ನೆರವು ನಿಂತುಹೋದರೆ ಕಾಲೇಜೇ ನಿಂತುಹೋಗುತ್ತದೆ. ಮೇಲ್ಮನವಿಗೆ ಅವಕಾಶವೇನೋ ಇದೆ. ಅದಕ್ಕೆ ತನ್ನ ಬಾಳಿನ ದುಃಖವನ್ನೆಲ್ಲ ಒಬ್ಬ ಅಪರಿಚಿತ ಅಧಿಕಾರಿಯ ಮುಂದೆ ಮತ್ತೊಮ್ಮೆ ಬರೆದು ತೋರಿಸಬೇಕು. ಹೀಗೆ ಬರೆದು ತೋರಿಸಿ ಸುಸ್ತಾದ ಮಕ್ಕಳು ಇವರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಪ್ರಸಂಗ ನನಗೆ ಗೊತ್ತಿಲ್ಲ.

ಹಾಗಾದರೆ ಫಲ ಕೊಡುವಂಥದು ಯಾವುದು? ನನ್ನ ಉತ್ತರ: ಹೆಸರು ಹೇಳಿ ಒಬ್ಬರನ್ನು ಹೊಣೆ ಮಾಡುವುದು. ಕ್ಯಾಲಿಫೋರ್ನಿಯಾ 2017ರಲ್ಲಿ ಒಂದು ಕಾನೂನು ಮಾಡಿ, ಹದಿನಾರು ತುಂಬಿದ ಪ್ರತಿ ಮಗುವಿನ ಯೋಜನಾ ಪತ್ರದಲ್ಲೂ ಕಾಲೇಜಿನ ಅರ್ಜಿ ಮತ್ತು ಹಣಕಾಸಿನ ಅರ್ಜಿಗೆ ನೆರವಾಗುವವರು ಯಾರು ಎಂದು ಬರೆದಿರಬೇಕು ಎಂದಿತು. ಅಲ್ಲಿಯವರೆಗೆ ಶಾಲೆಯ ಕೌನ್ಸೆಲರ್ ಸಮಾಜ ಕಾರ್ಯಕರ್ತೆ ಮಾಡುತ್ತಾಳೆಂದುಕೊಂಡರು, ಸಮಾಜ ಕಾರ್ಯಕರ್ತೆ ಸಾಕುತಾಯಿ ಮಾಡುತ್ತಾಳೆಂದುಕೊಂಡಳು, ಸಾಕುತಾಯಿ ಶಾಲೆಯ ಕಡೆ ನೋಡಿದಳು. ಆ ರಾಜ್ಯದಲ್ಲೇ ಜಾನ್ ಬರ್ಟನ್ ಅಡ್ವೊಕೇಟ್ಸ್ ಫಾರ್ ಯೂತ್ ಎಂಬ ಸಂಸ್ಥೆ, ಆಯಾ ಜಿಲ್ಲೆಯ ಸುಪರ್ದಿಯ ಮಕ್ಕಳಲ್ಲಿ ಎಷ್ಟು ಮಂದಿ ಫ್ಯಾಫ್ಸಾ ತುಂಬಿದರೆಂಬ ಲೆಕ್ಕದಲ್ಲಿ ಜಿಲ್ಲೆ ಜಿಲ್ಲೆಗಳ ನಡುವೆ ಸ್ಪರ್ಧೆ ಏರ್ಪಡಿಸಿತು. ಕಾಣದಿದ್ದ ಮಕ್ಕಳು ಇದರಿಂದ ಲೆಕ್ಕಕ್ಕಾದರೂ ಬಂದರು. ಆದರೂ ತುಂಬಿದ ಅರ್ಜಿಗಳನ್ನು ಎಣಿಸಿ ಸಮಾಧಾನಪಡುವ ಅಪಾಯ ಇದರಲ್ಲಿದೆ. ಎಣಿಸಬೇಕಾದದ್ದು ಹಣ ಕೈಸೇರಿದವರನ್ನು, ಅದಕ್ಕಿಂತ ಮುಖ್ಯವಾಗಿ ಎರಡನೇ ವರ್ಷಕ್ಕೆ ಕಾಲಿಟ್ಟವರನ್ನು.

ಆ ಎರಡನೇ ವರ್ಷದವರೆಗೆ ಕೈಹಿಡಿಯುವ ಮಾದರಿಯೂ ಅಲ್ಲೇ ಇದೆ. 1998ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫುಲ್ಲರ್ಟನ್ ಕ್ಯಾಂಪಸ್ಸಿನಲ್ಲಿ ಗಾರ್ಡಿಯನ್ ಸ್ಕಾಲರ್ಸ್ ಎಂಬ ಕಾರ್ಯಕ್ರಮ ಶುರುವಾಯಿತು. ಆಮೇಲೆ ಬೇರೆ ಕ್ಯಾಂಪಸ್ಸುಗಳೂ ಅದನ್ನು ಅನುಸರಿಸಿದವು. ಅದರ ಸಾರ ಸ್ಕಾಲರ್‌ಶಿಪ್ ಅಲ್ಲ. ಕ್ಯಾಂಪಸ್ಸಿನಲ್ಲಿ ಒಂದು ಕೋಣೆ, ಅಲ್ಲಿ ಈ ವಿದ್ಯಾರ್ಥಿಗಳ ಹೆಸರು ಬಲ್ಲ ಒಬ್ಬರು, ರಜೆಯಲ್ಲೂ ಉಳಿಯಲು ಜಾಗ, ಗ್ರೇಡ್ ಕುಸಿಯುವ ಮೊದಲೇ ಬರುವ ಒಂದು ಫೋನ್. ಟೆಕ್ಸಸ್‌ನಂಥ ರಾಜ್ಯಗಳು 1990ರ ದಶಕದಿಂದಲೇ ಇವರ ಬೋಧನಾ ಶುಲ್ಕವನ್ನು ಮನ್ನಾ ಮಾಡಿವೆ. ಅದು ಉದಾರ ನಡೆ, ಇರಲೇಬೇಕು. ಆದರೆ ಎರಡರಲ್ಲಿ ಒಂದನ್ನು ಮೊದಲು ಆರಿಸಿ ಎಂದರೆ ನಾನು ಫುಲ್ಲರ್ಟನ್ನಿನ ಕಡೆಗೆ ನಿಲ್ಲುತ್ತೇನೆ.

ಯಾವ ಯೋಜನೆಯೂ ಮುಟ್ಟದ ಗುಂಪೊಂದು ಇನ್ನೂ ಇದೆ. ಮಗುವನ್ನು ಮನೆಯಿಂದ ಬಿಡಿಸಬೇಕಾದಾಗ ಏಜೆನ್ಸಿ ಕೆಲವೊಮ್ಮೆ ನ್ಯಾಯಾಲಯಕ್ಕೆ ಹೋಗದೆ, ಅಜ್ಜಿಗೋ ಚಿಕ್ಕಮ್ಮನಿಗೋ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಮಗು ನೆಂಟರ ಬಳಿ ಬೆಳೆಯುವುದು ಒಳ್ಳೆಯದೇ. ಆದರೆ ಆದೇಶವಿಲ್ಲದ ಕಾರಣ ಅದು ಕಾನೂನಿನ ಕಣ್ಣಿಗೆ ಫಾಸ್ಟರ್ ಕೇರ್ ಅಲ್ಲ. ಹದಿನೆಂಟಾದಾಗ ಆ ಹುಡುಗಿ ಅರ್ಜಿಯ ಪ್ರಶ್ನೆಗೆ ಇಲ್ಲ ಎನ್ನಬೇಕಾಗುತ್ತದೆ. ಆಗ ಅವಳನ್ನು ಎಂದೋ ತೊರೆದ ಅಪ್ಪನ ಆದಾಯದ ಪ್ರಶ್ನೆ ಮತ್ತೆ ಎದ್ದುನಿಲ್ಲುತ್ತದೆ.

ಈ ಪ್ರಶ್ನೆ ನಮ್ಮಲ್ಲೂ ಇದೆ. ಕರ್ನಾಟಕದ ವಿದ್ಯಾರ್ಥಿವೇತನದ ಪೋರ್ಟಲ್ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ಕೇಳುತ್ತದೆ. ಅವನ್ನು ಕೊಡುವ ನಾಡಕಚೇರಿ ತಂದೆಯ ಹೆಸರು, ವಿಳಾಸ ಕೇಳುತ್ತದೆ. ಬಾಲಮಂದಿರದಲ್ಲಿ ಬೆಳೆದ ಹುಡುಗ ಅಲ್ಲಿ ಏನು ಬರೆಯಬೇಕು? ಅವನನ್ನು ಅಲ್ಲಿಗೆ ಸೇರಿಸಿದ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಸರ್ಕಾರದ ಬಳಿಯೇ ಇದೆ. ಪೋರ್ಟಲ್ಲು ಆ ಆದೇಶದ ಸಂಖ್ಯೆಯನ್ನೇ ಸ್ವೀಕರಿಸುವಂತಾಗಬೇಕು, ಅರ್ಜಿ ತುಂಬಿಸುವ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಒಬ್ಬ ನಿರ್ದಿಷ್ಟ ಅಧಿಕಾರಿಯ ಮೇಲಿರಬೇಕು. ವಯಸ್ಸಿನ ಗೆರೆಯನ್ನೂ ನೋಡಬೇಕು. 2015ರ ಬಾಲನ್ಯಾಯ ಕಾಯ್ದೆಯ ಅನುಪಾಲನೆ, ಅಂದರೆ ಬಾಲಮಂದಿರದಿಂದ ಹೊರಬಂದವರಿಗೆ ಸಿಗುವ ಆಸರೆ, ಇರುವುದು ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ಮೂರರವರೆಗೆ. ಭಾರತ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆ ಅದಕ್ಕೆ ಕೊಡುವುದು ತಿಂಗಳಿಗೆ 4,000 ರೂಪಾಯಿ. ಅಮೆರಿಕದ ವೋಚರ್ ಇಪ್ಪತ್ತಾರರವರೆಗೆ, ಒಟ್ಟು ಐದು ವರ್ಷ ಸಿಗುತ್ತದೆ. ಹದಿನೆಂಟಕ್ಕೆ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಿದ ಬಾಲಮಂದಿರದ ಹುಡುಗಿಗೆ ಕೊನೆಯ ವರ್ಷ ಶುರುವಾಗುವುದೇ ಇಪ್ಪತ್ತೊಂದಕ್ಕೆ. ಆ ವರ್ಷದ ಹಣವನ್ನು ವಿಶೇಷ ಸಂದರ್ಭವೆಂದು ಬೇಡಿ ಪಡೆಯುವ ಬದಲು ಅದು ಅವಳಿಗೆ ಹಕ್ಕಾಗಿ ಸಿಗುವಂತೆ ನಿಯಮವನ್ನೇ ತಿದ್ದಬೇಕು.